ನಮ್ಮ ತಾಡಪತ್ರಿ ನೋಡಿ ನಕ್ಕವರಿಗೆ

1/8
ಮೊದಲನೇ ಫೋಟೋದಾಗ ಕಾಣೋದು ನಮ್ಮ ಟ್ರ್ಯಾಕ್ಟರಿನ ಟ್ರೇಲರ್. ಅದರ ಮಗ್ಗುಲಿಗೆ ಬಿದಿರಿನ ಗಳ, ನೀಲಿ ತಾಡಪತ್ರಿ, ಅದರ ಕೆಳಗೆ ಆಯಿಯ ಎರಡು ಹಳೇ ಸೀರೆ. ಸವದತ್ತಿ ಎಲ್ಲಮ್ಮನ ಗುಡ್ಡದಾಗ ಭಾರತ ಹುಣ್ಣಿಮೆಗೆ ನಾವು ಮೂರು ದಿನ ಇದ್ದದ್ದು ಇದರ ನೆರಳಿನಾಗ.

ಸ್ಟೋರಿ ಹಾಕಿ ಹತ್ತು ನಿಮಿಷ ಆಗಿರಲಿಲ್ಲ, ಕ್ಲಾಸ್ ಗ್ರೂಪಿನಾಗ ಬಂತು: "ಏನಿದು, ಕಬ್ಬಿನ ಗ್ಯಾಂಗಿನ ಗುಡಿಸಲಾ?" ಕೆಳಗೆ ಹನ್ನೊಂದು ನಗುವ ಇಮೋಜಿ. ಎಣಿಸೀನಿ.

ಅದೇ ಗ್ರೂಪಿನಾಗ ಹೋದ ತಿಂಗಳು ಒಬ್ಬ ಗೆಳೆಯ ದಾಂಡೇಲಿ ಕಡೆ ಟೆಂಟ್ ಹಾಕಿ, ಅದರ ಮುಂದ ರೆಡಿಮೇಡ್ ಆನಿಂಗ್ ಕಟ್ಟಿದ ಫೋಟೋ ಹಾಕಿದ್ದ. ಬೆಲೆ ₹9,499. ಅದಕ್ಕೆ ಎಲ್ಲರೂ ಬೆಂಕಿ ಇಮೋಜಿ. ನಾನೂ ಹಾಕಿದ್ದೆ.

ಎರಡರಲ್ಲೂ ಇರೋದು ಅದೇ: ಮೇಲೊಂದು ಹೊದಿಕೆ, ಕಂಬ, ಹಗ್ಗ, ಗೂಟ. ಹಂಗಾದ್ರ ಒಂದಕ್ಕೆ ಬೆಂಕಿ, ಇನ್ನೊಂದಕ್ಕೆ ನಗು ಯಾಕ? ಪೂರಾ ಓದಿ ಆಮೇಲೆ ಜಗಳಕ್ಕೆ ಬರ್ರಿ.

2/8
ಮೊದಲು ನನ್ನ ತಪ್ಪು ಒಪ್ಕೋತೀನಿ. ಪಿಯುಸಿ ಎರಡನೇ ವರ್ಷದಾಗೂ ಇದೇ ಜಾತ್ರೆಗೆ ಹೋಗಿದ್ದೆ, ಇದೇ ತಾಡಪತ್ರಿ ಕೆಳಗ ಮಲಗಿದ್ದೆ. ಗೆಳತಿಯರಿಗೆ ಹೇಳಿದ್ದು ಮಾತ್ರ "ಹುಬ್ಬಳ್ಳಿಗೆ ಮದುವಿಗೆ ಹೋಗಿದ್ದೆ" ಅಂತ. ಆಯಿ ಕೇಳಿದ್ದಳು: "ಎಲ್ಲಾರ ಫೋಟೋ ಹಾಕ್ತಿ, ನಮ್ಮ ಗುಡ್ಡದ್ದು ಯಾಕ ಹಾಕಲಿಲ್ಲವಾ?" ನೆಟ್‌ವರ್ಕ್ ಇಲ್ಲ ಅಂದೆ. ನೆಟ್‌ವರ್ಕ್ ಇತ್ತು. ಇಲ್ಲದ್ದು ನನಗೆ ಧೈರ್ಯ.

ಅದಕ್ಕೇ ಈ ಸಲ ಕಾಕಾನ ಹಿಂದ ಬಿದ್ದು ನಾನೇ ಕಟ್ಟಿದೆ, ನಾನೇ ಪೋಸ್ಟ್ ಮಾಡಿದೆ.

3/8
ಈಗ ಲೆಕ್ಕ. ಬಿಕಾಂ ಓದಿ ಇಷ್ಟೂ ಮಾಡದಿದ್ರ ಹೆಂಗ?

ಬಿದಿರಿನ ಗಳ 5, ಒಂದಕ್ಕೆ ₹90: ₹450
ನೈಲಾನ್ ಹಗ್ಗ: ₹140
ಕಮ್ಮಾರರ ಹತ್ತಿರ ಹಳೇ ಕಬ್ಬಿಣದ ಸರಳಿನ ಗೂಟ 6, ಒಂದಕ್ಕೆ ₹20: ₹120
ತಾಡಪತ್ರಿಯ ಅಂಚು ಮಡಚಿ ಹೊಲಿಸಿದ್ದು: ₹150
ಒಟ್ಟು: ₹860

"ತಾಡಪತ್ರಿ ಬೆಲೆ ಎಲ್ಲಿ?" ಅಂತ ಕಾಸ್ಟಿಂಗ್ ಸರ್ ಥರ ಕೇಳಬ್ಯಾಡ್ರಿ. ಅದು ರಾಶಿಗಂತ ಮೊದಲೇ ತಂದದ್ದು. ಜಾತ್ರೆ ಮುಗಿದ ಮೇಲೆ ಹಿಂಗಾರಿ ಜೋಳದ ಕೆಳಗೆ ಹಾಸಿಕೊಳ್ತದ. ಹಟ ಮಾಡಿದ್ರ ಅದರ ₹1,800 ಕೂಡಿಸ್ರಿ: ₹2,660. ಆಗಲೂ ರೆಡಿಮೇಡ್ ಬೆಲೆಯ ಮೂರನೇ ಒಂದು ಭಾಗಕ್ಕಿಂತ ಕಡಿಮೆ.

ಆ ₹9,499 ಆರು ಕಂತಿನದು. ಮೆಸ್ ಬಿಲ್ ತಡ ಆಗೇತಿ ಅಂತ ಅವನೇ ಹೇಳಿದ. ಅವನ ಮ್ಯಾಲೆ ನನಗೆ ಸಿಟ್ಟಿಲ್ಲ. ವರ್ಷಕ್ಕೆರಡು ರಾತ್ರಿ ಬಿಚ್ಚುವ ಬಟ್ಟೆಗೆ ಆರು ತಿಂಗಳು ಊಟ ಅಳೆದು ಉಣ್ಣೋ ಹಂಗ ಮಾಡಿದ ನಮ್ಮ ಇಮೋಜಿಗಳ ಮ್ಯಾಲೆ ಸಿಟ್ಟು.

4/8
ಕಟ್ಟಿದ್ದು ಹೆಂಗ? (ಫೋಟೋ 4 ನೋಡ್ರಿ)

ನಮ್ಮದು 15 ಅಡಿ ಉದ್ದ, 12 ಅಡಿ ಅಗಲದ ತಾಡಪತ್ರಿ. ಎರಡು ಗಳ ಟ್ರೇಲರಿನ ಒಳಗೆ ನೆಟ್ಟಗೆ ನಿಲ್ಲಿಸಿ ಪಕ್ಕದ ಹಲಗೆಗೆ ಬಿಗಿದ್ವಿ, ನೆಲದಿಂದ ಏಳೂವರೆ ಅಡಿ ಎತ್ತರ. ಅವುಗಳ ತುದಿಗೆ ಅಡ್ಡ ಒಂದು ಗಳ. ತಾಡಪತ್ರಿ 3 ಅಡಿ ಒಳಗೆ ಇಳಿಬಿಟ್ಟು ಕಟ್ಟಿ, 12 ಅಡಿ ಹೊರಗೆ ಎಳೆದ್ವಿ. ಹೊರಗಿನ ಎರಡು ಗಳ ಐದೂವರೆ ಅಡಿ. ಅವುಗಳ ನಡುವೆ ಹಗ್ಗ ಬಿಗಿದು ಅದರ ಮೇಲೆ ಅಂಚು.

ಈ ಎರಡು ಅಡಿ ಇಳಿಜಾರು ಶೋಕಿಗಲ್ಲ. 10 ಚದರ ಅಡಿಯಷ್ಟು ಜಾಗದಾಗ 1 ಇಂಚು ನೀರು ನಿಂತರೆ ಅದು 23 ಕಿಲೋಗಿಂತ ಹೆಚ್ಚು ಭಾರ. ಮಟ್ಟಸ ಕಟ್ಟಿದ್ರ ಒಂದೇ ಅಡ್ಡಮಳಿಗೆ ಎಲ್ಲಾ ತಲೆ ಮ್ಯಾಲೆ.

ಸೀರೆ ಯಾಕ? ಮಧ್ಯಾಹ್ನ ತಾಡಪತ್ರಿ ಕಾದು ಕೆಳಗೆ ಹಬೆಯಾಡ್ತದ. ಒಂದು ಗೇಣು ಜಾಗ ಬಿಟ್ಟು ಸೀರೆ ಕಟ್ಟಿದ್ರ ಮೇಲಿನ ಕಾವು ನೇರ ಇಳಿಯಂಗಿಲ್ಲ, ನಡುವೆ ಗಾಳಿ ಆಡ್ತದ. ಇದು ಆಯಿಯ ಎಂಜಿನಿಯರಿಂಗ್. ಆಕಿ ಓದಿದ್ದು ಎರಡನೇತ್ತೆ.

5/8
ಎಲ್ಲಾ ಚಂದ ಆತು ಅಂತ ಸುಳ್ಳು ಹೇಳಂಗಿಲ್ಲ. ಮೊದಲನೇ ದಿನ ಮಧ್ಯಾಹ್ನ ಮೂಡಗಾಳಿ ಒಮ್ಮೆ ಎದ್ದು ಬಂತು. ತಾಡಪತ್ರಿ ಉಬ್ಬಿ, ಮೂಲೆಯ ರಿಂಗ್ ಹರಿದು, ಹೊರಗಿನ ಗಳ ಬಿತ್ತು. ಮಲಗಿದ್ದ ಆಯಿಯಿಂದ ಒಂದು ಮೊಳ ದೂರಕ್ಕೆ. ನನ್ನ ಕೈ ಅರ್ಧ ತಾಸು ನಡುಗ್ತಿತ್ತು. ಎತ್ತರದ ಬಾಯಿ ಗಾಳಿ ಬರೋ ದಿಕ್ಕಿಗೆ ಇಟ್ಟದ್ದು ನಾನೇ, ಫೋಟೋ ಚಂದ ಬರ್ತದಂತ.

ಕಾಕಾ ಬೈಯಲಿಲ್ಲ. "ತಂಗಿ, ಗಾಳಿಗೆ ಬಾಗಿಲಾ ತೆಗೀಬಾರದು, ಬೆನ್ನ ಕೊಡಬೇಕು" ಅಂದ. ಟ್ರೇಲರ್ ತಿರುಗಿಸಿ ಮತ್ತ ಕಟ್ಟಿದ್ವಿ. ಕಲಿತದ್ದು:

- ರಿಂಗ್ ನಂಬಬ್ಯಾಡ್ರಿ. ಮೂಲೆಯೊಳಗೆ ದುಂಡನೆ ಕಲ್ಲಿಟ್ಟು, ಕಲ್ಲಿನ ಹಿಂದೆ ಕುತ್ತಿಗೆಗೆ ಬಿಗಿದಂಗ ಹಗ್ಗ ಕಟ್ರಿ. ತೂತೇ ಇಲ್ಲ, ಹರಿಯೋದೆಲ್ಲಿ?
- ಗೂಟ ನೆಟ್ಟಗೆ ಬಡಿಬ್ಯಾಡ್ರಿ. ತಲೆ ತಾಡಪತ್ರಿಯಿಂದ ಹೊರಗೆ ವಾಲಿರಬೇಕು.
- ಗುಡ್ಡದಾಗ ಕಲ್ಲುನೆಲ, ಗೂಟ ಇಳಿಯಂಗಿಲ್ಲ. ಚೀಲದಾಗ ಕಲ್ಲು ಮಣ್ಣು ತುಂಬಿ ಅದಕ್ಕ ಕಟ್ರಿ.
- ಒಲಿ ಕೆಳಗೆ ಹಚ್ಚಬ್ಯಾಡ್ರಿ. ಪ್ಲಾಸ್ಟಿಕ್ ತಾಡಪತ್ರಿ ಕರಗಿ ಮೈಮ್ಯಾಲೆ ಹನೀತದ.
- ಮೇಲೆ ಕರೆಂಟಿನ ತಂತಿ ಇದ್ದಲ್ಲಿ ಗಳ ಎತ್ತಲೇಬ್ಯಾಡ್ರಿ.
- ಗಾಲಿಗೆ ಕಲ್ಲು ಕೊಟ್ಟ ಮೇಲೇ ಹಗ್ಗ ಮುಟ್ರಿ.

ಇನ್ನೊಂದು: ಟ್ರೇಲರಿನಾಗ ಹೋದದ್ದು ಸಾಮಾನು, ನಾವು ಹೋದದ್ದು ಬಸ್ಸಿಗೆ. ಟ್ರೇಲರಿನಾಗ ಜನ ತುಂಬಿಕೊಂಡು ಹೋಗೋದು ಕಾನೂನಿಗೂ ವಿರುದ್ಧ, ಜೀವಕ್ಕೂ ಅಪಾಯ. ಅದನ್ನ "ನಮ್ಮ ಸಂಪ್ರದಾಯ" ಅಂತ ಯಾರೂ ಹೇಳಬ್ಯಾಡ್ರಿ.

6/8
ನಿಮ್ಮ ವಾದಗಳಿಗೆ ಬರ್ತೀನಿ.

"ಟೈಮ್ ವೇಸ್ಟ್." ಕಟ್ಟಲಿಕ್ಕೆ ಎರಡು ತಾಸು ಹಿಡೀತು. ರೆಡಿಮೇಡ್ ಆರಿಸಲಿಕ್ಕೆ ಅವನು ಎಷ್ಟು ರಾತ್ರಿ ರಿವ್ಯೂ ನೋಡಿದ ಅಂತ ಅವನನ್ನೇ ಕೇಳ್ರಿ.

"ರೆಡಿಮೇಡ್ ಗಟ್ಟಿ." ಕೆಲವು ನಿಜಕ್ಕೂ ಗಟ್ಟಿ. ಮಳೆಗಾಲದಾಗ ಮಲೆನಾಡಿನ ಕಾಡಿಗೆ ಹೋಗೋರು ಒಳ್ಳೇ ಟೆಂಟ್ ಕೊಳ್ಳಲಿ, ಕೈಯಾಗ ರೊಕ್ಕ ಇದ್ರ. ಆದ್ರ ಅದರ ಕಂಬ ಮುರಿದ್ರ ಆ ಗುಡ್ಡದಾಗ ಬಿಡಿಭಾಗ ಎಲ್ಲಿ ಸಿಗ್ತದ? ನಮ್ಮ ಗಳ ಮುರಿದ್ರ ಇನ್ನೊಂದು ಗಳ.

"ನೋಡಲಿಕ್ಕೆ ಚಂದ ಇಲ್ಲ." ಇದೇ ನಿಜವಾದ ಮಾತು. ಉಳಿದದ್ದೆಲ್ಲಾ ಇದರ ಮ್ಯಾಲೆ ಹೊದಿಸಿದ ತಾಡಪತ್ರಿ.

7/8
ಆ ಕಾಮೆಂಟ್ ಇನ್ನೊಮ್ಮೆ ಓದ್ರಿ. "ಕಬ್ಬಿನ ಗ್ಯಾಂಗಿನ ಗುಡಿಸಲಾ?"

ನಕ್ಕದ್ದು ತಾಡಪತ್ರಿಗೆ ಅಲ್ಲ. ಅದರ ಕೆಳಗೆ ಯಾರು ಕೂಡ್ತಾರೋ ಅವರಿಗೆ. ಮಹಾರಾಷ್ಟ್ರದ ಬೀಡ್ ಕಡೆಯಿಂದ ಬಂದು, ಸೀಸನ್ ಮುಗಿಯೋತನಕ ತಿಂಗಳುಗಟ್ಟಲೆ ನಮ್ಮ ಹೊಲದ ದಂಡಿಗೆ ಇಂಥದರ ಕೆಳಗೇ ಇರ್ತಾರಲ್ಲ, ಕೂಸು ಕುನ್ನಿ ಕಟ್ಟಿಕೊಂಡು, ಅವರಿಗೆ. ಅವರು ಕಡಿದ ಕಬ್ಬಿನ ಸಕ್ಕರೆಯ ಚಹಾ ಕುಡಿದು ನಾವು ಅವರ ಸೂರನ್ನ ಜೋಕ್ ಮಾಡ್ಕೋತೀವಿ.

ಒಂದು ಮಾತು ನನಗೂ ಅನ್ವಯಿಸ್ತದ. ನಾನು ಮೂರು ದಿನ ಇದ್ದು, ಮನಿಗೆ ಬಂದು ಬಿಸಿನೀರು ಜಳಕ ಮಾಡಿದೆ. ಅವರಿಗೆ ಹೋಗಲಿಕ್ಕೆ ಅಲ್ಲಿ ಬೇರೆ ಮನಿ ಇಲ್ಲ. ಅವರ ಬದುಕು "ಸಿಂಪಲ್ ಲಿವಿಂಗ್" ಅಲ್ಲ, ಅದನ್ನ ರೀಲ್ಸ್ ಮಾಡಿ ಹೊಗಳೋದೂ ನಕ್ಕಷ್ಟೇ ಕೆಟ್ಟದ್ದು. ಅವರಿಗೆ ಬೇಕಾದದ್ದು ನಮ್ಮ ಲೈಕ್ ಅಲ್ಲ. ಗಟ್ಟಿ ಸೂರು, ನೀರು, ಮಕ್ಕಳಿಗೆ ಸಾಲಿ. ನಾನು ಕೇಳೋದು ಇಷ್ಟೇ: ಆ ಹೆಸರನ್ನ ಬೈಗುಳದಂಗ ಬಳಸಬ್ಯಾಡ್ರಿ.

8/8
ಕೊಳ್ಳೋರು ಕೊಳ್ರಿ, ನಿಮ್ಮ ರೊಕ್ಕ ನಿಮ್ಮದು. ಆದ್ರ ನಾಕು ಮಂದಿ ನಗ್ತಾರಂತ ಕಂತು ಕಟ್ಟಬ್ಯಾಡ್ರಿ. ಅಂಜಿಕೆಯಿಂದ ಕೊಂಡ ವಸ್ತು ಬ್ಯಾಲೆನ್ಸ್ ಶೀಟಿನ ಎಡಕ್ಕೂ ಬಲಕ್ಕೂ ಸೇರಂಗಿಲ್ಲ.

ಪರೀಕ್ಷೆ ಮುಗಿದ ಮೇಲೆ ಟ್ರಿಪ್ ಹೋಗೋರು ಮೆಸೇಜ್ ಮಾಡ್ರಿ. ಗಳ, ಹಗ್ಗ, ಗೂಟ ಬಾಡಿಗೆ ಇಲ್ಲದೇ ಕೊಡ್ತೀನಿ. ಕಲ್ಲುಗಂಟು ಹಾಕೋದು ಕಾಲೇಜ್ ಗ್ರೌಂಡಿನಾಗ ಕಲಿಸ್ತೀನಿ. ನಕ್ಕ ಹನ್ನೊಂದು ಮಂದಿಗೂ.

ಕೊನೇ ಫೋಟೋ ಆಯಿದು. ಹುಣ್ಣಿಮೆ ದಿನ ಕಡಬು ಕಟ್ಟಿಕೊಂತ ಕೂತಾಳ. ಪೋಸ್ಟ್ ಮಾಡ್ಲಾ ಅಂತ ಕೇಳಿದೆ. "ಈಗ ನೆಟ್‌ವರ್ಕ್ ಬಂತೇನವಾ?" ಅಂದಳು.

ಆಕಿಗೆ ಆವತ್ತೇ ಗೊತ್ತಿತ್ತು.

#ನಮ್ಮತಾಡಪತ್ರಿ #ಎಲ್ಲಮ್ಮನಗುಡ್ಡ #ಕಂತುಬ್ಯಾಡ