‘ಗಟ್ಟಿ ಇದೆ ಸಾರ್’ ಅಂದರೆ ಸಾಕೇ?

ಹಳೇ ಬೈಕಿಗೆ ಹಿಂದಿನ ಶಾಕ್ ಅಬ್ಸಾರ್ಬರ್ ಕೊಳ್ಳಲು ಎಲ್ಲಿಗೇ ಹೋಗಿ, ಬೆಂಗಳೂರಿನ ಜೆ.ಸಿ. ರಸ್ತೆಯಾಗಲಿ, ಪುಣೆಯ ನಾನಾ ಪೇಟೆಯಾಗಲಿ, ಚೆನ್ನೈನ ಪುದುಪೇಟೆಯಾಗಲಿ, ದೆಹಲಿಯ ಕರೋಲ್ ಬಾಗ್ ಆಗಲಿ, ಮಾರಾಟದ ರೀತಿ ಹೆಚ್ಚುಕಡಿಮೆ ಒಂದೇ. ಜೋಡಿಯಲ್ಲಿ ಒಂದನ್ನು ಕೌಂಟರ್ ಮೇಲೆ ನೆಟ್ಟಗೆ ನಿಲ್ಲಿಸುತ್ತಾರೆ, ಅಂಗೈಯಿಂದ ಬಲವಾಗಿ ಒತ್ತುತ್ತಾರೆ. ಅದು ಜಗ್ಗುವುದಿಲ್ಲ. ‘ನೋಡಿ, ಎಷ್ಟು ಗಟ್ಟಿ ಇದೆ’ ಅನ್ನುತ್ತಾರೆ. ನಾವೂ ಒಂದು ಸಲ ಒತ್ತಿ ನೋಡಿ ತಲೆದೂಗುತ್ತೇವೆ.

ಕನ್ನಡದಲ್ಲಿ ‘ಗಟ್ಟಿ’ಗೆ ಎರಡು ಅರ್ಥ. ಬಾಳಿಕೆ ಬರುವುದೂ ಗಟ್ಟಿಯೇ, ಮೆತ್ತಗಿಲ್ಲದ್ದೂ ಗಟ್ಟಿಯೇ. ಬಾಗಿಲಿಗೆ, ಬುನಾದಿಗೆ ಎರಡೂ ಒಟ್ಟಿಗೆ ಬಂದರೆ ಒಳ್ಳೆಯದೇ. ಆದರೆ ಬೈಕಿನ ಹಿಂದಿನ ಶಾಕಿಗೆ ಮೊದಲ ಅರ್ಥ ಬೇಕು, ಎರಡನೆಯದು ಅಳತೆಯಲ್ಲಿರಬೇಕು. ಈ ಎರಡರ ಗೊಂದಲದಲ್ಲೇ ಎಷ್ಟೋ ಹಳೇ ಬೈಕುಗಳು ಹಾಳಾಗುತ್ತಿವೆ, ಅವುಗಳ ಮೇಲೆ ಕೂರುವವರ ಬೆನ್ನೂ ಕೂಡ. ನನ್ನ ವಾದ ಇಷ್ಟೇ: ಶಾಕ್ ಆರಿಸಬೇಕಾದ್ದು ಅಂಗೈಯಿಂದಲ್ಲ, ಟೇಪಿನಿಂದ ಮತ್ತು ತೂಕದ ಯಂತ್ರದಿಂದ. ಬೈಕಿಗೆ ಹೊಂದುವ ಶಾಕನ್ನು ಹುಡುಕಬೇಕೇ ಹೊರತು, ಸಿಕ್ಕ ಶಾಕಿಗೆ ಬೈಕನ್ನು ಕೊಯ್ಯಬಾರದು.

ಯೆಜ್ಡಿಯನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಊರು ಬಿಟ್ಟು ಬಂದ ಕನ್ನಡಿಗರಲ್ಲಿ ಹಲವರು ಅಪ್ಪನದೋ ಮಾವನದೋ ಯೆಜ್ಡಿಯನ್ನು ರೈಲಿನಲ್ಲಿ ಪಾರ್ಸೆಲ್ ಹಾಕಿಸಿ ತಾವಿರುವಲ್ಲಿಗೆ ತರಿಸಿಕೊಂಡಿದ್ದಾರೆ. ಮೈಸೂರಿನ ಯಾದವಗಿರಿಯಲ್ಲಿದ್ದ ಐಡಿಯಲ್ ಜಾವಾ ಕಾರ್ಖಾನೆ 1960ರ ದಶಕದ ಆರಂಭದಲ್ಲಿ ಶುರುವಾಗಿ 1996ರಲ್ಲಿ ಮುಚ್ಚಿತು. ಅಂದರೆ ಅತ್ಯಂತ ಎಳೆಯ ಯೆಜ್ಡಿಗೂ ಈಗ ಹತ್ತಿರ ಹತ್ತಿರ ಮೂವತ್ತು ವರ್ಷ. 2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ ಎಂಬ ಹೆಸರುಗಳು ಮರಳಿ ಬಂದವು ನಿಜ, ಆದರೆ ಅವು ಬೇರೆಯೇ ಬೈಕುಗಳು. ಹಳೆಯ ಯೆಜ್ಡಿಯ ಚಾಸಿ ಇನ್ನು ಹುಟ್ಟುವುದಿಲ್ಲ, ಇರುವಷ್ಟೇ.

ಆ ಬೈಕಿನ ವಂಶದಲ್ಲಿ ಹಿಂದಿನ ಸಸ್ಪೆನ್ಷನ್ನಿಗೆ ದೊಡ್ಡ ಸ್ಥಾನವಿದೆ. ಎರಡನೇ ಮಹಾಯುದ್ಧ ಮುಗಿದ ಮೇಲೆ ಚೆಕ್ ದೇಶದಲ್ಲಿ ಬಂದ ಜಾವಾ 250ಕ್ಕೆ ಅಲ್ಲಿನ ಜನ ಇಟ್ಟ ಅಡ್ಡಹೆಸರು ‘ಪೆರಾಕ್’. ಚೆಕ್ ಭಾಷೆಯಲ್ಲಿ ಸ್ಪ್ರಿಂಗಿಗೆ ಇರುವ ಮಾತಿನಿಂದ ಬಂದ ಹೆಸರು ಅದು. ಹಿಂಚಕ್ರಕ್ಕೂ ಸ್ಪ್ರಿಂಗ್ ಇದೆ ಎಂಬುದೇ ಆಗ ಹೇಳಿಕೊಳ್ಳುವ ಸಂಗತಿ. 1954ರಲ್ಲಿ ಸ್ವಿಂಗ್ ಆರ್ಮ್ ಇರುವ ಮಾದರಿ ಬಂದಾಗ ಅದಕ್ಕೆ ‘ಕೀವಾಚ್ಕಾ’ ಅಂದರು, ತೂಗಾಡುವಂಥದ್ದು ಎಂಬ ಅರ್ಥದಲ್ಲಿ. ಮೈಸೂರಿನಲ್ಲಿ ಮೊದಲು ತಯಾರಾದದ್ದು ಈ ಸ್ವಿಂಗ್ ಆರ್ಮ್ ಜಾವಾ. ತೂಗಾಡುವುದೇ ಹೆಸರಾಗಿದ್ದ ಬೈಕಿಗೆ ನಾವು ಈಗ ಜಗ್ಗದ ಶಾಕ್ ಹುಡುಕುತ್ತಿದ್ದೇವೆ.

‘ಶಾಕ್ ಅಬ್ಸಾರ್ಬರ್’ ಎಂಬ ಹೆಸರೂ ದಾರಿ ತಪ್ಪಿಸುತ್ತದೆ. ಗುಂಡಿಯ ಹೊಡೆತವನ್ನು ನುಂಗುವುದು ಮುಖ್ಯವಾಗಿ ಸ್ಪ್ರಿಂಗ್. ಒಳಗಿನ ಕೊಳವೆ, ಪಿಸ್ಟನ್ ಮತ್ತು ಎಣ್ಣೆಯ ಕೆಲಸ ಬೇರೆ: ನುಂಗಿದ ಸ್ಪ್ರಿಂಗ್ ಪುಟಿದೇಳುವಾಗ ಅದನ್ನು ಹಿಡಿದು ನಿಧಾನಗೊಳಿಸುವುದು. ಎಣ್ಣೆ ಸಣ್ಣ ತೂತುಗಳ ಮೂಲಕ ನುಸುಳುವಾಗ ಆ ಶಕ್ತಿ ಬಿಸಿಯಾಗಿ ಕಳೆದುಹೋಗುತ್ತದೆ. ಸಾಮಾನ್ಯವಾಗಿ ಕುಗ್ಗುವಾಗ ತಡೆ ಕಡಿಮೆ, ಹಿಗ್ಗುವಾಗ ಹೆಚ್ಚು ಇರುತ್ತದೆ. ಅಂಗಡಿಯಲ್ಲಿ ಒತ್ತಿದಾಗ ತಿಳಿಯುವುದು ಸ್ಪ್ರಿಂಗಿನ ಬಿಗಿ ಮಾತ್ರ, ಅದೂ ಅರೆಬರೆ. ಕೈ ಹಾಕುವ ಭಾರ ಬೈಕು ಹಾಕುವ ಭಾರದ ಒಂದು ಪಾಲು ಅಷ್ಟೆ. ಎಣ್ಣೆಯ ಕೆಲಸ ಹೇಗಿದೆ ಎಂಬುದು ಆ ಒತ್ತುವಿಕೆಯಲ್ಲಿ ಗೊತ್ತಾಗುವುದೇ ಇಲ್ಲ.

ಹಾಗಾದರೆ ಮೊದಲು ಕೇಳಬೇಕಾದ ಪ್ರಶ್ನೆ ಯಾವುದು? ಯಾವ ಕಂಪನಿ ಎಂಬುದಲ್ಲ, ಈ ಬೈಕಿನ ಮೇಲೆ ಯಾರು ಕೂರುತ್ತಾರೆ ಎಂಬುದು. ಸವಾರನ ಭಾರದಲ್ಲಿ ಅರ್ಧಕ್ಕಿಂತ ಹೆಚ್ಚು ಹಿಂಚಕ್ರಕ್ಕೆ ಹೋಗುತ್ತದೆ, ಹಿಂದೆ ಕೂತವರ ಭಾರ ಹೆಚ್ಚುಕಡಿಮೆ ಪೂರ್ತಿಯಾಗಿ. ಅಪ್ಪನ ಕಾಲದಲ್ಲಿ ಆ ಬೈಕಿನ ಮೇಲೆ ಅಪ್ಪ, ಅಮ್ಮ, ಟ್ಯಾಂಕ್ ಮೇಲೊಂದು ಮಗು, ಕ್ಯಾರಿಯರ್‌ನಲ್ಲಿ ಅಕ್ಕಿ ಮೂಟೆ ಎಲ್ಲ ಇರುತ್ತಿದ್ದವು. ಇಂದು ಅದೇ ಬೈಕು ಭಾನುವಾರ ಬೆಳಿಗ್ಗೆ ಒಬ್ಬರನ್ನೇ ಹೊತ್ತು ತಿಂಡಿಗೆ ಹೋಗಿ ಬರುತ್ತದೆ. ಭಾರ ಇಳಿದಿದೆ, ಸ್ಪ್ರಿಂಗ್ ಮಾತ್ರ ಇನ್ನಷ್ಟು ಬಿಗಿಯದು ಬೇಕು ಅನ್ನುತ್ತೇವೆ. ಇದಕ್ಕೆ ಅರ್ಥವೇ ಇಲ್ಲ.

ಭಾರಕ್ಕೆ ಸ್ಪ್ರಿಂಗ್ ಹೊಂದಿದೆಯೇ ಎಂದು ನೋಡಲು ಒಂದು ಟೇಪು, ಒಬ್ಬ ಗೆಳೆಯ ಸಾಕು. ಬೈಕನ್ನು ಡಬಲ್ ಸ್ಟ್ಯಾಂಡ್ ಹಾಕಿ, ಹಿಂಚಕ್ರ ಗಾಳಿಯಲ್ಲಿ ತೂಗುತ್ತಿರುವಾಗ ಆಕ್ಸಲಿನಿಂದ ನೇರ ಮೇಲೆ ಮಡ್‌ಗಾರ್ಡಿನ ಮೇಲೊಂದು ಗುರುತಿಗೆ ಅಳೆಯಿರಿ. ಸ್ಟ್ಯಾಂಡ್ ಇಳಿಸಿ, ನೀವು ಎಂದಿನಂತೆ ಕೂತು, ಅದೇ ಅಳತೆ ಮತ್ತೆ ತೆಗೆಸಿ. ಎರಡರ ವ್ಯತ್ಯಾಸವೇ ನಿಮ್ಮ ಭಾರಕ್ಕೆ ಬೈಕು ಕುಸಿದ ಪ್ರಮಾಣ. ಅದು ಚಕ್ರದ ಪೂರ್ತಿ ಓಡಾಟದ ಮೂರರಲ್ಲೊಂದು ಪಾಲಿನ ಆಸುಪಾಸು ಇರಬೇಕು. ಹಳೇ ಬೈಕುಗಳ ಹಿಂಚಕ್ರದ ಓಡಾಟ ಸಾಮಾನ್ಯವಾಗಿ 3ರಿಂದ 4 ಇಂಚು. ಹಾಗಾಗಿ ಒಂದು ಇಂಚಿನಷ್ಟು ಕುಸಿದರೆ ಸರಿ. ಕುಸಿಯುವುದೇ ಇಲ್ಲ ಅಂದರೆ ಸ್ಪ್ರಿಂಗ್ ನಿಮಗಲ್ಲ, ಬೇರೆ ಯಾರಿಗೋ ಮಾಡಿದ್ದು.

‘ಕುಸಿಯದಿದ್ದರೆ ಏನಾಯಿತು?’ ಎಂದು ಕೇಳುವವರಿದ್ದಾರೆ. ಆ ಕುಸಿತ ಇದ್ದರೆ ತಾನೆ, ಗುಂಡಿ ಬಂದಾಗ ಚಕ್ರ ಕೆಳಗಿಳಿದು ನೆಲವನ್ನು ಹಿಡಿದುಕೊಳ್ಳುವುದು? ಅದಿಲ್ಲದಿದ್ದರೆ ಪ್ರತಿ ತಗ್ಗಿನಲ್ಲೂ ಟೈರು ಕ್ಷಣಕಾಲ ನೆಲ ಬಿಡುತ್ತದೆ. ಟೈರು ನೆಲ ಬಿಟ್ಟಾಗ ಬ್ರೇಕೂ ಇಲ್ಲ, ಹಿಡಿತವೂ ಇಲ್ಲ. ಮಳೆಗಾಲದ ಮುಂಬೈ ರಸ್ತೆಯಲ್ಲಿ ಹಿಂದಿನ ಡ್ರಮ್ ಬ್ರೇಕ್ ಒತ್ತಿದೊಡನೆ ಚಕ್ರ ಕುಪ್ಪಳಿಸಿ ಜಾರುವುದಕ್ಕೆ ಎಷ್ಟೋ ಸಲ ಕಾರಣ ಇದೇ. ಸ್ಪ್ರಿಂಗ್ ನುಂಗದ ಹೊಡೆತ ಇನ್ನೆಲ್ಲಿಗೋ ಹೋಗಲೇಬೇಕು: ಚಾಸಿಯ ಮೇಲಿನ ಮೌಂಟಿಗೆ, ಆಮೇಲೆ ಸೀಟಿನ ಮೂಲಕ ಬೆನ್ನುಮೂಳೆಗೆ. ಹಿಂದೆ ಕೂರುವವರು ಎಪ್ಪತ್ತರ ಅಮ್ಮನಾದರೆ ಇದು ಸಣ್ಣ ಮಾತಲ್ಲ.

ಸ್ಪ್ರಿಂಗಿನ ಲೆಕ್ಕ ಕಣ್ಣಿಗೆ ಕಾಣುವಂಥದ್ದಲ್ಲ. ಅದರ ಬಿಗಿ ತಂತಿಯ ದಪ್ಪದ ನಾಲ್ಕನೇ ಘಾತದಂತೆ ಏರುತ್ತದೆ. 7 ಮಿ.ಮೀ. ತಂತಿಯ ಬದಲು 7.5 ಮಿ.ಮೀ. ತಂತಿ ಬಳಸಿದರೆ, ಸುರುಳಿಯ ಅಗಲ, ಎಣಿಕೆ ಎಲ್ಲ ಹಾಗೇ ಇದ್ದರೂ ಬಿಗಿ ಸುಮಾರು 32% ಹೆಚ್ಚುತ್ತದೆ. ಅರ್ಧ ಮಿಲಿಮೀಟರಿಗೆ ಮೂರನೇ ಒಂದು ಪಾಲು! ‘ಸ್ವಲ್ಪ ದಪ್ಪ ಇದೆ, ಪರವಾಗಿಲ್ಲ’ ಎಂಬ ಮಾತು ಇಲ್ಲಿ ನಡೆಯುವುದಿಲ್ಲ. ಸಾಧ್ಯವಾದರೆ ವರ್ನಿಯರ್ ಕ್ಯಾಲಿಪರ್ ಹಿಡಿದೇ ಹೋಗಿ.

ಇನ್ನೊಂದು ತಪ್ಪು ತಿಳಿವಳಿಕೆ ಶಾಕಿನ ಬುಡದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ತಿರುಗುವ ಬಳೆಯ ಬಗ್ಗೆ. ಅದನ್ನು ಐದನೇ ಮೆಟ್ಟಿಲಿಗೆ ತಿರುಗಿಸಿದರೆ ಸ್ಪ್ರಿಂಗ್ ಬಿಗಿಯಾಗುತ್ತದೆ ಎಂದು ಬಹಳ ಜನ ನಂಬಿದ್ದಾರೆ. ಆಗುವುದಿಲ್ಲ. ಸ್ಪ್ರಿಂಗಿಗೆ ಮುಂಚಿತವಾಗಿ ಕೊಟ್ಟ ಒತ್ತು ಹೆಚ್ಚುತ್ತದೆ, ಅದರಿಂದ ಬೈಕು ಎತ್ತರ ನಿಲ್ಲುತ್ತದೆ. ಅಲ್ಲಿಂದ ಮುಂದೆ ಒಂದೊಂದು ಸೆಂಟಿಮೀಟರ್ ಕುಗ್ಗಿಸಲು ಮೊದಲಿನಷ್ಟೇ ಭಾರ ಬೇಕು. ಹಿಂದೆ ಯಾರಾದರೂ ಕೂತಾಗ ತಗ್ಗಿದ ಬೈಕನ್ನು ಮತ್ತೆ ಸರಿಯಾದ ಎತ್ತರಕ್ಕೆ ತರಲು ಆ ಬಳೆ ಇರುವುದು. ತಪ್ಪು ಸ್ಪ್ರಿಂಗನ್ನು ಅದು ಸರಿಪಡಿಸಲಾರದು.

ಇನ್ನು ಉದ್ದ. ಎರಡೂ ತುದಿಯ ಬುಷ್‌ಗಳ ನಡುವೆ, ಕೇಂದ್ರದಿಂದ ಕೇಂದ್ರಕ್ಕೆ ತೆಗೆದ ಅಳತೆಯೇ ಶಾಕಿನ ಉದ್ದ. ಹೊಸದು ಹಳೆಯದಕ್ಕೆ ಕೆಲವೇ ಮಿಲಿಮೀಟರಿನೊಳಗೆ ಹೊಂದಬೇಕು. ಬೈಕಿನ ಹಿಂಭಾಗ ಎತ್ತರವಾದರೆ ನೋಡಲು ಗತ್ತು ಎಂದು ಉದ್ದದ ಶಾಕ್ ಹಾಕಿಸುವವರು ಈ ಲೆಕ್ಕ ನೋಡಬೇಕು: ಎರಡು ಚಕ್ರಗಳ ನಡುವೆ 1300 ಮಿ.ಮೀ. ಇರುವ ಬೈಕಿನಲ್ಲಿ ಹಿಂಭಾಗ 25 ಮಿ.ಮೀ. ಎದ್ದರೆ ಮುಂದಿನ ಫೋರ್ಕಿನ ಓರೆ ಒಂದು ಡಿಗ್ರಿಗೂ ತುಸು ಹೆಚ್ಚು ನೆಟ್ಟಗಾಗುತ್ತದೆ. ಹ್ಯಾಂಡಲ್ ಹಗುರಾಗುತ್ತದೆ, ವೇಗದಲ್ಲಿ ನೆಮ್ಮದಿ ಹೋಗುತ್ತದೆ. ಡಬಲ್ ಸ್ಟ್ಯಾಂಡ್ ಹಾಕಿದಾಗ ಹಿಂಚಕ್ರ ನೆಲ ತಾಕಬಹುದು. ಸೈಡ್ ಸ್ಟ್ಯಾಂಡಿನಲ್ಲಿ ಬೈಕು ವಿಪರೀತ ವಾಲುತ್ತದೆ. ಚೈನಿಗೂ ತೊಂದರೆ. ಗೇರ್‌ಬಾಕ್ಸಿನ ಸ್ಪ್ರಾಕೆಟ್, ಸ್ವಿಂಗ್ ಆರ್ಮಿನ ಕೀಲು, ಹಿಂದಿನ ಆಕ್ಸಲ್ ಮೂರೂ ಒಂದೇ ಗೆರೆಗೆ ಬಂದಾಗ ಚೈನು ಅತಿ ಬಿಗಿಯಾಗಿರುತ್ತದೆ. ಉದ್ದದ ಶಾಕಿನಿಂದ ಕೆಳಗೆ ಜೋತ ಚಕ್ರಕ್ಕೆ ಹಳೆಯ ಅಂದಾಜಿನಲ್ಲಿ ಚೈನ್ ಬಿಗಿ ಮಾಡಿದರೆ, ಬೈಕು ಕುಸಿದು ಆ ಗೆರೆಗೆ ಬಂದಾಗ ಅದು ಗೇರ್‌ಬಾಕ್ಸಿನ ಬೇರಿಂಗನ್ನು ಎಳೆಯತೊಡಗುತ್ತದೆ. ಶಾಕ್ ಗಿಡ್ಡವಾದರೆ ಟೈರು ಮಡ್‌ಗಾರ್ಡಿಗೆ ಉಜ್ಜುವ ಭಯ, ಸೈಲೆನ್ಸರ್ ಹಂಪಿಗೆ ತಾಗುವ ಭಯ.

ಪಕ್ಕದಲ್ಲಿ ಡಬ್ಬಿ ಅಂಟಿಸಿಕೊಂಡ ‘ಗ್ಯಾಸ್ ಶಾಕ್’ ಬಗ್ಗೆಯೂ ಹೇಳಬೇಕು. ನೈಟ್ರೋಜನ್ ಗ್ಯಾಸಿನ ಕೆಲಸ ಎಣ್ಣೆಯನ್ನು ಒತ್ತಡದಲ್ಲಿಟ್ಟು, ಸತತ ಕುಲುಕಾಟಕ್ಕೆ ಅದು ನೊರೆ ಏಳದಂತೆ ನೋಡಿಕೊಳ್ಳುವುದು. ನೊರೆ ಎದ್ದ ಎಣ್ಣೆ ತಡೆಯುವುದಿಲ್ಲ, ಶಾಕ್ ಸಡಿಲಾಗುತ್ತದೆ. ಕೆಟ್ಟ ರಸ್ತೆಯಲ್ಲಿ ಗಂಟೆಗಟ್ಟಲೆ ಓಡಿಸುವವರಿಗೆ ಇದರಿಂದ ನಿಜವಾದ ಲಾಭವಿದೆ. ಆದರೆ ಅಗ್ಗದ ಕೆಲವು ಮಾಲುಗಳಲ್ಲಿ ಆ ಡಬ್ಬಿಗೂ ಒಳಗಿನ ಎಣ್ಣೆಗೂ ಸಂಬಂಧವೇ ಇರುವುದಿಲ್ಲ, ಬರೀ ಅಲಂಕಾರ. ಡಬ್ಬಿ ಅಸಲಿಯೇ ಆಗಿದ್ದರೂ, ಬೇರೆ ಬೈಕಿನ ಶಾಕ್ ಆ ಬೈಕಿನ ತೂಕಕ್ಕೆ, ಅದರ ಸ್ವಿಂಗ್ ಆರ್ಮಿನ ಉದ್ದಕ್ಕೆ, ಶಾಕ್ ವಾಲಿರುವ ಕೋನಕ್ಕೆ ಲೆಕ್ಕ ಹಾಕಿ ಮಾಡಿದ್ದು. ಯೆಜ್ಡಿಗೆ ತಂದು ಕೂರಿಸಿದರೆ ಆ ಲೆಕ್ಕವೆಲ್ಲ ಬದಲಾಗುತ್ತದೆ.

ಇಲ್ಲಿ ಎರಡು ಬಣಗಳಿವೆ. ‘ಎಲ್ಲ ಒರಿಜಿನಲ್ಲೇ ಇರಬೇಕು’ ಎನ್ನುವವರು ಒಂದು ಕಡೆ. ‘ಹಳೇ ತಂತ್ರಜ್ಞಾನ ಬಿಡಿ, ಹೊಸದು ಹಾಕಿ ಸುರಕ್ಷಿತವಾಗಿ ಓಡಿಸಿ’ ಎನ್ನುವವರು ಇನ್ನೊಂದು ಕಡೆ. ಎರಡನೆಯವರ ಮಾತಿನಲ್ಲಿ ಹುರುಳಿದೆ. ಶಾಕ್ ಸವೆಯುವ ವಸ್ತು, ಟೈರಿನ ಹಾಗೆ. ಎಣ್ಣೆ ಸೋರಿ ಬರೀ ಸ್ಪ್ರಿಂಗ್ ಉಳಿದ ಶಾಕನ್ನು ಒರಿಜಿನಲ್ ಎಂಬ ಕಾರಣಕ್ಕೆ ಇಟ್ಟುಕೊಳ್ಳುವುದು ಭಕ್ತಿಯಲ್ಲ, ಬೇಜವಾಬ್ದಾರಿ. ಆದರೆ ಹೊಸದೆಲ್ಲ ಸುರಕ್ಷಿತ ಎಂಬುದೂ ಸುಳ್ಳು. ಅಳತೆ ತಪ್ಪಿದ ಹೊಸ ಶಾಕಿಗಿಂತ, ರಾಡ್ ನೆಟ್ಟಗಿದ್ದು ಸೀಲ್, ಎಣ್ಣೆ, ಬುಷ್ ಬದಲಿಸಿ ರಿಪೇರಿ ಮಾಡಿಸಿದ ಹಳೆಯದೇ ಮೇಲು. ಹಾಗೆ ಬಿಚ್ಚಿ ಸರಿಮಾಡಬಲ್ಲ ಕೈಗಳು, ಲೇತಿನಲ್ಲಿ ಬುಷ್ ಕಡೆದುಕೊಡಬಲ್ಲ ಮೇಸ್ತ್ರಿಗಳು ಕಡಿಮೆಯಾಗುತ್ತಿದ್ದಾರೆ. ನಾವು ಕೆಲಸ ಕೊಟ್ಟರೆ ತಾನೆ ಅವರು ಉಳಿಯುವುದು?

ಬಿಚ್ಚುವ ಮುನ್ನ ಕೆಟ್ಟಿರುವುದು ಶಾಕೇ ಹೌದೇ ಎಂದೂ ನೋಡಬೇಕು. ಸೀಟನ್ನು ಬಲವಾಗಿ ಒತ್ತಿ ಬಿಡಿ. ಒಮ್ಮೆ ಎದ್ದು ನಿಂತರೆ ಸರಿ, ಎರಡು ಮೂರು ಸಲ ಉಯ್ಯಾಲೆಯಾಡಿದರೆ ಎಣ್ಣೆ ಕೆಲಸ ಮಾಡುತ್ತಿಲ್ಲ. ಡಬಲ್ ಸ್ಟ್ಯಾಂಡ್ ಹಾಕಿ ಹಿಂಚಕ್ರ ಹಿಡಿದು ಎಡಕ್ಕೂ ಬಲಕ್ಕೂ ಅಲುಗಿಸಿ. ‘ಟಕ್’ ಎಂದು ಆಡಿದರೆ ಸವೆದಿರುವುದು ಸ್ವಿಂಗ್ ಆರ್ಮಿನ ಬುಷ್ ಅಥವಾ ಚಕ್ರದ ಬೇರಿಂಗ್. ತಿರುವಿನಲ್ಲಿ ಬೈಕು ಓಲಾಡುವುದಕ್ಕೆ ಇದೂ ಕಾರಣವಿರಬಹುದು. ಬದಲಿಸುವುದೇ ಆದರೆ ಜೋಡಿಯಾಗಿ ಬದಲಿಸಿ. ಒಂದು ಕಡೆ ಹೊಸದು, ಒಂದು ಕಡೆ ಹಳೆಯದು ಹಾಕಿದರೆ ಸ್ವಿಂಗ್ ಆರ್ಮ್ ತಿರುಚಿಕೊಳ್ಳುತ್ತದೆ.

ಒಂದು ವಿಷಯದಲ್ಲಿ ಮಾತ್ರ ರಾಜಿ ಬೇಡ. ಶಾಕ್ ಕೂರಲಿಲ್ಲ ಎಂದು ಚಾಸಿಯ ಮೌಂಟನ್ನು ಗ್ರೈಂಡರಿನಲ್ಲಿ ತರಿಯುವುದು, ಬೇರೆ ಕಡೆ ವೆಲ್ಡ್ ಮಾಡಿಸುವುದು ಕೂಡದು. ಬೋಲ್ಟ್ ಬಿಚ್ಚಿ ಹಾಕಿದ ತಪ್ಪನ್ನು ನಾಳೆ ಬೋಲ್ಟ್ ಬಿಚ್ಚಿ ಸರಿಪಡಿಸಬಹುದು, ಕೊಯ್ದದ್ದನ್ನು ಹಾಗೆ ಮರಳಿಸಲಾಗದು. ಕಾನೂನೂ ಇದನ್ನು ಗಮನಿಸುತ್ತದೆ. ಕೇಂದ್ರ ಮೋಟಾರು ವಾಹನ ನಿಯಮಗಳಿಗೆ 2021ರಲ್ಲಿ ಬಂದ ತಿದ್ದುಪಡಿಯ ಪ್ರಕಾರ 50 ವರ್ಷ ದಾಟಿದ, ಮೂಲ ರೂಪದಲ್ಲೇ ಉಳಿದಿರುವ ವಾಹನಕ್ಕೆ ವಿಂಟೇಜ್ ಎಂಬ ಮಾನ್ಯತೆ ಸಿಗಬಹುದು. ಚಾಸಿಯನ್ನು ಮಾರ್ಪಡಿಸಿದ್ದರೆ ಅದಕ್ಕೆ ಅಡ್ಡಿ. ಮೈಸೂರಿನ ಮೊದಲ ದಶಕದ ಜಾವಾಗಳು ಆಗಲೇ ಆ ಗೆರೆ ದಾಟಿವೆ. ಎಂಬತ್ತರ ದಶಕದ ಯೆಜ್ಡಿಗಳ ಸರದಿ ಮುಂದಿದೆ, ಅಷ್ಟರಲ್ಲಿ ಅವು ನಿಮ್ಮ ಮಕ್ಕಳ ಕೈಯಲ್ಲಿರಬಹುದು.

ಆದ್ದರಿಂದ ಅಂಗಡಿಗೆ ಹೋಗುವಾಗ ಚೀಟಿಯಲ್ಲಿ ಇಷ್ಟು ಬರೆದುಕೊಂಡು ಹೋಗಿ: ಹಳೆಯ ಶಾಕಿನ ಉದ್ದ, ಎರಡೂ ತುದಿಯ ಬುಷ್‌ಗಳ ತೂತು ಮತ್ತು ಅಗಲ, ಸ್ಪ್ರಿಂಗ್ ತಂತಿಯ ದಪ್ಪ ಮತ್ತು ಸುರುಳಿಗಳ ಎಣಿಕೆ, ನಿಮ್ಮ ತೂಕ, ಹಿಂದೆ ಕೂರುವವರ ತೂಕ. ಹಳೆಯ ಜೋಡಿಯನ್ನು ಗುಜರಿಗೆ ಹಾಕಬೇಡಿ, ಎಣ್ಣೆ ಹಚ್ಚಿ ಬಟ್ಟೆ ಸುತ್ತಿ ಎತ್ತಿಡಿ. ಅಂಗಡಿಯವರು ಶಾಕನ್ನು ಕೌಂಟರ್ ಮೇಲೆ ನಿಲ್ಲಿಸಿ ಒತ್ತತೊಡಗಿದರೆ ಒತ್ತಲಿ ಬಿಡಿ. ನೀವು ಟೇಪು ತೆಗೆಯಿರಿ.