ಯಾವ ಮಾತಿಗೆ ಕ್ಷಮೆ?

ಕನ್ನಡ ಎಂ.ಎ. ಮಾಡಿದವನಿಗೆ ಊರಿನವರು ಒಪ್ಪಿಸುವ ಕೆಲಸಗಳು ಹೆಚ್ಚಿಲ್ಲ. ಮದುವೆಯ ಕರೆಯೋಲೆ ತಿದ್ದಿಕೊಡಬೇಕು, ಹುಟ್ಟಿದ ಮಗುವಿಗೆ ಹೆಸರು ಹುಡುಕಿಕೊಡಬೇಕು, ರಾಜ್ಯೋತ್ಸವದ ದಿನ ಭಾಷಣ ಮಾಡಬೇಕು. ಗುಂಡ್ಲುಪೇಟೆಯಲ್ಲಿ ಮನೆ ಮಾಡಿಕೊಂಡು ಚಾಮರಾಜನಗರದ ಕಾಲೇಜಿಗೆ ದಿನವೂ ಬಸ್ಸಿನಲ್ಲಿ ಹೋಗಿಬರುವ ನನಗೆ ಇವೆಲ್ಲ ರೂಢಿಯಾಗಿಬಿಟ್ಟಿವೆ. ಹೀಗಿರಲು, ಕಳೆದ ವರ್ಷ ಆಷಾಢದಲ್ಲಿ ನಿವೃತ್ತ ಮುಖ್ಯೋಪಾಧ್ಯಾಯರೊಬ್ಬರು ಕಾಲೇಜಿಗೆ ಬಂದು, “ಆಟಿಸಂ ಇರುವ ಮಕ್ಕಳ ತಂದೆತಾಯಂದಿರು ನಾವು ತಿಂಗಳಿಗೊಮ್ಮೆ ಸೇರುತ್ತೇವೆ. ಕೂಟಕ್ಕೆ ಒಂದು ಫಲಕ ಬರೆಸಬೇಕು. ಆಟಿಸಂ ಎಂಬುದಕ್ಕೆ ಚೆನ್ನಾದ ಕನ್ನಡ ಮಾತೊಂದನ್ನು ಬಂದು ಹೇಳಿಕೊಡಿ” ಎಂದರು. ಅವರ ಮೊಮ್ಮಗಳು ಅಂಥ ಮಗು.

ಇದೇನು ಮಹಾ ಕೆಲಸವೆಂದು ಒಪ್ಪಿಕೊಂಡೆ. ಸ್ವಲೀನತೆ ಎಂಬ ಮಾತು ಆಗಲೇ ಪತ್ರಿಕೆಗಳಲ್ಲಿ ಬಳಕೆಗೆ ಬಂದಿದೆ. ‘ತಾನು’ ಎಂಬ ಅರ್ಥದ ಗ್ರೀಕ್ ಶಬ್ದದಿಂದ ಸ್ವಿಟ್ಜರ್ಲೆಂಡಿನ ಮನೋವೈದ್ಯ ಬ್ಲಾಯ್ಲರ್ 1910ರ ಸುಮಾರಿಗೆ ಕಟ್ಟಿದ ಪದವದು. ಬೇರೊಂದು ಮನೋರೋಗದ ಲಕ್ಷಣಕ್ಕೆ ಅವನು ಇಟ್ಟಿದ್ದ ಹೆಸರನ್ನು ಅಮೆರಿಕದ ಲಿಯೋ ಕ್ಯಾನರ್ 1943ರಲ್ಲಿ ಈ ಮಕ್ಕಳ ಸ್ಥಿತಿಗೆ ಬಳಸಿದ. ಇಷ್ಟನ್ನು ಹೇಳಿ, ಕಾಫಿ ಕುಡಿದು, ಐದು ಗಂಟೆಯ ಬಸ್ಸು ಹಿಡಿಯುವುದೆಂದು ನನ್ನ ಲೆಕ್ಕವಾಗಿತ್ತು.

ಸಭೆ ನಡೆದದ್ದು ಚಾಮರಾಜೇಶ್ವರ ದೇವಸ್ಥಾನಕ್ಕೆ ಬಹಳ ದೂರವಲ್ಲದ ಒಂದು ಮನೆಯ ಮಹಡಿಯ ಮೇಲೆ. ಹದಿನೈದು ಮಂದಿ ಸೇರಿದ್ದರು. ಅವರಲ್ಲಿ ಬಹುಪಾಲು ಜನ ಮಕ್ಕಳನ್ನು ಕರೆದುಕೊಂಡು ಮೈಸೂರಿನ ವಾಕ್ ಶ್ರವಣ ಸಂಸ್ಥೆಗೆ ಅಲೆದವರು. ಒಬ್ಬ ತರುಣ ಮಾತ್ರ ಯಾರ ತಂದೆಯೂ ಅಲ್ಲ. ಸ್ವತಃ ಆಟಿಸಂ ಇರುವವನು. ಇಪ್ಪತ್ತನಾಲ್ಕು ವಯಸ್ಸು, ಗುಂಡ್ಲುಪೇಟೆಯ ಒಂದು ಮಂಡಿಯಲ್ಲಿ ಲೆಕ್ಕ ಬರೆಯುತ್ತಾನೆ. ನನ್ನ ಪದವಿವರಣೆ ಮುಗಿಯುತ್ತಿದ್ದಂತೆಯೇ ಅವನು ಎದ್ದುನಿಂತು, ನನ್ನತ್ತ ನೋಡದೆ, ಕಿಟಕಿಯತ್ತ ನೋಡುತ್ತ ಹೇಳಿದ: “ಈ ಪದ ಸರಿಯಿಲ್ಲ. ನಾನು ನನ್ನಲ್ಲಿ ಲೀನವಾಗಿಲ್ಲ. ನಿಮ್ಮ ಮಾತೆಲ್ಲ ಕೇಳುತ್ತಿದ್ದೇನೆ. ಫ್ಯಾನಿನ ಸದ್ದನ್ನೂ ಕೇಳುತ್ತಿದ್ದೇನೆ, ಕೆಳಗಿನ ಮನೆಯ ಮಿಕ್ಸಿಯ ಸದ್ದನ್ನೂ ಕೇಳುತ್ತಿದ್ದೇನೆ. ಕಷ್ಟವಿರುವುದು ಅಲ್ಲಿ.”

‘ಆಟಿಸಂ ಉಳ್ಳವರು’ ಎಂದರೆ ಹೇಗೆ ಎಂದು ಯಾರೋ ರಾಜಿಯ ಮಾತಾಡಿದರು. ಅವನು, “ಮೇಷ್ಟ್ರನ್ನು ಕನ್ನಡ ಉಳ್ಳವರು ಎನ್ನುತ್ತೀರಾ? ಕನ್ನಡಿಗರು ಎನ್ನುತ್ತೀರಿ” ಎಂದ. ನಾನು ನಕ್ಕೆ. ಬೇರೆ ಯಾರೂ ನಗಲಿಲ್ಲ.

ಬಟ್ಟೆ ಅಂಗಡಿಯ ಯಜಮಾನರೊಬ್ಬರು ಎದ್ದರು. ದುಃಖದಿಂದ ಆಡಿದ ಮಾತು ಅವರದು. ಈ ರೋಗ ತಮ್ಮ ಮಗನನ್ನು ತಮ್ಮಿಂದ ಕದ್ದೊಯ್ದಿತೆಂದೂ, ಲಸಿಕೆ ಹಾಕಿಸಿದ ಮೇಲೆಯೇ ಹೀಗಾಯಿತೆಂದೂ ಹೇಳಿದರು. ತರುಣ ಮತ್ತೆ ಎದ್ದ. “ನೀವು ಹೇಳಿದ್ದರಲ್ಲಿ ಮೂರು ತಪ್ಪುಗಳಿವೆ. ಇದು ರೋಗವಲ್ಲ. ಮಗನನ್ನು ಯಾರೂ ಕದ್ದಿಲ್ಲ, ಅವನು ನಿಮ್ಮ ಮನೆಯಲ್ಲೇ ಇದ್ದಾನೆ. ಲಸಿಕೆಯಿಂದ ಆಟಿಸಂ ಬರುವುದಿಲ್ಲ. ಹಾಗೆ ಶಂಕಿಸಿದ 1998ರ ಲೇಖನವನ್ನು ಲ್ಯಾನ್ಸೆಟ್ ಪತ್ರಿಕೆ 2010ರಲ್ಲಿ ಹಿಂದಕ್ಕೆ ತೆಗೆದುಕೊಂಡಿದೆ.”

“ದೊಡ್ಡವರ ಮುಂದೆ ಮಾತಾಡೋ ರೀತಿಯೇನಯ್ಯ ಇದು?”

“ರೀತಿಯಲ್ಲಿ ಯಾವುದು ತಪ್ಪು?”

ಅವನು ಕೇಳಿದ್ದು ತಿಳಿದುಕೊಳ್ಳುವುದಕ್ಕಾಗಿ. ಅದು ಕೇಳಿಸಿದ್ದು ಅಣಕವಾಗಿ. ಯಜಮಾನರು ಅರೆಹುಚ್ಚ ಎಂಬ ಮಾತನ್ನೂ ಆಡಿಬಿಟ್ಟರು. ಆಗ ಮೂಲೆಯಲ್ಲಿ ಕುಳಿತಿದ್ದ ತಾಯಿಯೊಬ್ಬಳು, “ನೀನು ಎದ್ದು ನಿಂತು ಒಂದು ಎರಡು ಎಣಿಸಿ ಮಾತಾಡ್ತೀಯ ಕನಪ್ಪ. ನನ್ನ ಮಗನಿಗೆ ಹನ್ನೊಂದು ವರ್ಷ. ಬಾಯಾರಿದರೆ ನೀರು ಅನ್ನಕ್ಕೂ ಬರಲ್ಲ. ರಾತ್ರಿ ಗೋಡೆಗೆ ತಲೆ ಚಚ್ಚಿಕೊಳ್ತಾನೆ. ಅವನ ಪರವಾಗಿ ರೋಗ ಅಲ್ಲ ಅನ್ನಕ್ಕೆ ನೀನ್ಯಾರು?” ಎಂದವಳು ಅತ್ತುಬಿಟ್ಟಳು.

ತರುಣನೆಂದ: “ನೀವು ಅಳುತ್ತಿದ್ದೀರಿ. ಅಳುವುದು ಉತ್ತರವಲ್ಲ.”

ಆಮೇಲಿನ ಗದ್ದಲವನ್ನು ವರ್ಣಿಸಲಾರೆ. ಮುಖ್ಯೋಪಾಧ್ಯಾಯರು ದಿಕ್ಕುಗಾಣದೆ ನನ್ನ ಮುಖ ನೋಡಿದರು. ನಾನು ತರಗತಿಯ ಗಂಭೀರ ದನಿಯಲ್ಲಿ ಸಭಾಮರ್ಯಾದೆಯ ಕುರಿತು ನಾಲ್ಕು ಮಾತಾಡಿ, ಆ ತರುಣನಿಗೆ ಕ್ಷಮೆ ಕೇಳುವಂತೆ ಹೇಳಿದೆ. “ಯಾವ ಮಾತಿಗೆ?” ಎಂದ. ನಾನು ತಡವರಿಸಿದೆ. ಅವನು ಎರಡು ಕೈಯಿಂದಲೂ ಕಿವಿ ಮುಚ್ಚಿಕೊಂಡು ಕುಳಿತ. ಆ ತಾಯಿ ಎದ್ದು ಹೋದಳು; ಮುಂದಿನ ತಿಂಗಳೂ ಬರಲಿಲ್ಲ.

ಸಂಜೆಯ ಬಸ್ಸಿನಲ್ಲಿ ಅವನು ನನ್ನ ಮುಂದಿನ ಆಸನದಲ್ಲಿದ್ದ. ತೆರಕಣಾಂಬಿ ದಾಟುವವರೆಗೆ ಮಾತಿಲ್ಲ. ಆಮೇಲೆ ತಿರುಗದೆಯೇ ಹೇಳಿದ: “ಅವರ ಮಗ ಯಾವಾಗ ತಲೆ ಚಚ್ಚಿಕೊಳ್ಳುತ್ತಾನೆ ಎಂದು ಕೇಳಬೇಕೆಂದಿದ್ದೆ ಸರ್. ಅವರು ಅತ್ತರು. ಯಾರಾದರೂ ಅತ್ತರೆ ನನಗೆ ಮಾತು ತಪ್ಪಿಹೋಗುತ್ತದೆ. ನಾನೂ ಆರು ವರ್ಷದವರೆಗೆ ಮಾತಾಡಿರಲಿಲ್ಲವಂತೆ.”

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ ಎಂದರೆ ಕಥೆಗಾರರ ಮಾತಾದೀತು. ನಿದ್ದೆ ಬಂತು, ಆದರೆ ಮರುದಿನದಿಂದ ಈ ವಿಷಯವನ್ನು ಹುಡುಕಿ ಓದತೊಡಗಿದೆ. ಓದಿದಷ್ಟೂ, ಆ ಮಹಡಿಯ ಜಗಳ ನಮ್ಮೂರಿನದಷ್ಟೇ ಅಲ್ಲವೆಂದು ತಿಳಿಯಿತು. ಇದರಲ್ಲಿ ಮೊದಲು ಪೆಟ್ಟು ತಿಂದವರು ತಾಯಂದಿರು. ತಾಯಿಯ ಮನಸ್ಸು ತಣ್ಣಗಿದ್ದುದರಿಂದಲೇ ಮಗು ಹೀಗಾಯಿತೆಂಬ ವಾದ ಅಮೆರಿಕದಲ್ಲಿ ಬಹುಕಾಲ ನಡೆಯಿತು. ಬ್ರೂನೋ ಬೆಟಲ್‌ಹೈಮ್ ಎಂಬವನು 1967ರಲ್ಲಿ ಅದನ್ನೇ ದೊಡ್ಡ ಗ್ರಂಥ ಮಾಡಿದ. ಅದಕ್ಕೂ ಮೂರು ವರ್ಷ ಮೊದಲೇ, 1964ರಲ್ಲಿ, ಬರ್ನಾರ್ಡ್ ರಿಮ್‌ಲ್ಯಾಂಡ್ ಎಂಬ ಮನೋವಿಜ್ಞಾನಿ, ಆಟಿಸಂ ಇದ್ದ ಹುಡುಗನ ತಂದೆ, ಆ ವಾದದ ಬುಡಕ್ಕೇ ಕೊಡಲಿ ಹಾಕಿದ್ದ. (ಅದೇ ರಿಮ್‌ಲ್ಯಾಂಡ್ ಮುಂದೆ ಲಸಿಕೆಯನ್ನು ದೂರಿದವರ ಸಾಲಿನಲ್ಲಿ ನಿಂತ. ಒಂದು ಸುಳ್ಳನ್ನು ಗೆದ್ದವನು ಇನ್ನೊಂದನ್ನು ನಂಬಲಾರನೆಂಬ ನಿಯಮವೇನಿಲ್ಲವಷ್ಟೆ!) ತಪ್ಪು ನಮ್ಮದಲ್ಲ ಎಂದು ಸಾರುವುದಕ್ಕೆ ತಂದೆತಾಯಂದಿರು ಇಷ್ಟು ಸೆಣಸಬೇಕಾಯಿತು. ಅವರಿಗೆ ಹೊರಗಿನ ಶತ್ರುವೊಂದು ಬೇಕೆನಿಸಿದ್ದರೆ ಆಶ್ಚರ್ಯವಿಲ್ಲ.

ಅಷ್ಟರಲ್ಲಿ ಮಕ್ಕಳು ದೊಡ್ಡವರಾದರು. ಅವರಲ್ಲಿ ಮಾತು ಬಲ್ಲವರು ಮಾತಾಡತೊಡಗಿದರು. 1992ರಲ್ಲಿ ಜಿಮ್ ಸಿಂಕ್ಲೇರ್, ಡೋನಾ ವಿಲಿಯಮ್ಸ್ ಮೊದಲಾದವರು ಸೇರಿ ಆಟಿಸಂ ಇರುವವರೇ ನಡೆಸುವ ಸಂಘವೊಂದನ್ನು ಕಟ್ಟಿದರು. ಮರುವರ್ಷ ಟೊರಾಂಟೋದ ಸಮ್ಮೇಳನದಲ್ಲಿ ತಂದೆತಾಯಂದಿರನ್ನು ಕುರಿತು ಮಾತಾಡಿದ ಸಿಂಕ್ಲೇರ್, ನಮಗಾಗಿ ಶೋಕಿಸಬೇಡಿ ಎಂದು ಹೇಳಿದ್ದು ಇಂದಿಗೂ ವಾಗ್ವಾದದ ವಸ್ತು. ನೀವು ಬಯಸಿದ್ದ ಮಗು ಬರಲಿಲ್ಲವೆಂಬ ದುಃಖ ನಿಮ್ಮದು, ಅದನ್ನು ಬಂದ ಮಗುವಿನ ಮೇಲೆ ಹೊರಿಸಬೇಡಿ ಎಂಬುದು ಆ ಭಾಷಣದ ತಿರುಳು. ಕೇಳಿದ ಕೆಲವರಿಗೆ ಕಣ್ಣು ತೆರೆದಂತಾಯಿತು, ಕೆಲವರಿಗೆ ಕೆನ್ನೆಗೆ ಹೊಡೆದಂತಾಯಿತು.

ಮಾತು ಬಾರದವರ ಪರವಾಗಿ ಮಾತಾಡಲು ನೀನ್ಯಾರು ಎಂಬ ಆ ತಾಯಿಯ ಪ್ರಶ್ನೆಗೂ ನಮ್ಮ ಹತ್ತಿರದ ನಿದರ್ಶನವೊಂದಿದೆ. ಬಾಲ್ಯದ ಕೆಲವು ವರ್ಷಗಳನ್ನು ಮೈಸೂರು, ಬೆಂಗಳೂರುಗಳಲ್ಲಿ ಕಳೆದ ಟಿಟೋ ಮುಖ್ಯೋಪಾಧ್ಯಾಯ, ಮಾತು ಬಹುಮಟ್ಟಿಗೆ ಇಲ್ಲದ ಹುಡುಗ, ಬರೆದ ಪುಸ್ತಕ 2000ದಲ್ಲಿ ಇಂಗ್ಲೆಂಡಿನಲ್ಲಿ ಪ್ರಕಟವಾಯಿತು. ತಾಯಿ ಸೋಮಾ ಅವನಿಗೆ ಕಲಿಸಿದ ಕ್ರಮವನ್ನೇ ಇತರ ಮಕ್ಕಳಿಗೂ ಬಳಸತೊಡಗಿದಾಗ ಮತ್ತೆ ಜಗಳ: ಹಾಗೆ ಹೊಮ್ಮುವ ಮಾತು ಮಗುವಿನದೋ ಹಲಗೆ ಹಿಡಿದವರದೋ? ಅಮೆರಿಕದ ವಾಕ್ ಚಿಕಿತ್ಸಕರ ಸಂಘ 2018ರಲ್ಲಿ ಆ ಕ್ರಮವನ್ನು ಬಳಸಬಾರದೆಂದು ಹೇಳಿತು. ಮಗುವಿನ ಬಾಯಿಯೇ ಪಣವಾಗಿರುವಾಗ ಜನ ತಣ್ಣಗೆ ವಾದಿಸಿಯಾರೆ?

ಇವನ್ನೆಲ್ಲ ಓದಿದ ಬಳಿಕ ನನ್ನ ಪೆದ್ದುತನ ನನಗೆ ಕಂಡಿತು. ಅಂದಿನ ಮಾತುಗಳನ್ನು ಒಂದೊಂದಾಗಿ ನೆನಪಿಗೆ ತಂದುಕೊಂಡೆ. ಆ ತರುಣ ಒಮ್ಮೆಯೂ ‘ನೀನು’ ಎಂದಿರಲಿಲ್ಲ. ಯಜಮಾನರಿಗೂ ‘ನೀವು’, ಅಳುವ ತಾಯಿಗೂ ‘ನೀವು’. ಏಕವಚನಕ್ಕಿಳಿದವರು, ಹುಚ್ಚನೆಂದವರು ನಮ್ಮ ಕಡೆಯವರು. ಇಪ್ಪತ್ತು ಹುಡುಗರಿಗೆ ವ್ಯಾಕರಣ ಹೇಳುವ ನನಗೆ ಕಣ್ಣೆದುರಿನ ಬಹುವಚನ ಕೇಳಿಸಲಿಲ್ಲ. ಕೇಳಿಸಿದ್ದು ದನಿಯ ಬಿರುಸು, ಕಂಡದ್ದು ತಿರುಗಿಸಿದ ಮುಖ. ನಾವು ಸೌಜನ್ಯವೆಂದು ಎಣಿಸುವುದರ ಬಹುಭಾಗ ದನಿಯಲ್ಲಿದೆ, ಕಣ್ಣಿನಲ್ಲಿದೆ. ಅವನಿಗೆ ಒಲಿಯದಿರುವುದೂ ಅವೇ ಎರಡು. ಡೇಮಿಯನ್ ಮಿಲ್ಟನ್ ಎಂಬ ವಿದ್ವಾಂಸ, ತಾನೇ ಆಟಿಸಂ ಇರುವವನು, ಅರಿಯದಿರುವುದು ಎರಡೂ ಕಡೆಯದೆಂದು 2012ರಲ್ಲಿ ಬರೆದ. ಅವರಿಗೆ ನಮ್ಮ ಮನಸ್ಸು ತಿಳಿಯದೆಂದು ನಾವು ಹೇಳುತ್ತ ಬಂದಿದ್ದೇವೆ. ನಮಗೆ ಅವರದು ತಿಳಿದಿದೆಯೆ?

ಹಾಗೆಂದು ಅವನ ಮಾತು ಆ ತಾಯಿಯನ್ನು ಇರಿಯಲಿಲ್ಲವೆಂದು ಹೇಳಲಾರೆ. ಇರಿಯಿತು. ನಾನು ಮಾಡಬೇಕಾಗಿದ್ದುದು, ಯಾವ ಮಾತು ಇರಿಯಿತೆಂದು ಅವನಿಗೆ ಬಿಡಿಸಿ ಹೇಳುವುದು. ಅದನ್ನು ಬಿಟ್ಟು ಮರ್ಯಾದೆಯ ಪಾಠ ಹೇಳಿದೆ.

ತರಗತಿಯಲ್ಲಿ ನಾನು ವರ್ಣಿಸುವ ಕಲ್ಯಾಣ, ಅಲ್ಲಮ ಅಕ್ಕನನ್ನು ಕಟುವಾಗಿ ಪ್ರಶ್ನಿಸಿಯೂ ಯಾರೂ ಮುನಿಯದ ಶೂನ್ಯಸಂಪಾದನೆಯ ಕಲ್ಯಾಣ. ನಮ್ಮ ಸೀಮೆಯ ನೀಲಗಾರರು ತಂಬೂರಿ ಹಿಡಿದು ಹಾಡುವ ಕಲ್ಯಾಣ ಬೇರೆ. ಅಲ್ಲಿಗೆ ಮಂಟೇಸ್ವಾಮಿ ಬರುವುದು ದುರ್ವಾಸನೆಯ, ಅಸಹ್ಯದ ವೇಷದಲ್ಲಿ. ಎಲ್ಲರನ್ನೂ ಒಳಗೊಂಡೆವೆನ್ನುವ ಶರಣರು ಅವನನ್ನು ಬಾಗಿಲಲ್ಲೇ ತಡೆದು ಅಟ್ಟುತ್ತಾರೆ. ಚಿಕ್ಕಲ್ಲೂರಿನ ಜಾತ್ರೆಯಲ್ಲಿ ಇದನ್ನು ಎಷ್ಟೋ ಸಲ ಕೇಳಿದ್ದೇನೆ. ಬಾಗಿಲಲ್ಲಿ ನಿಂತು ತಡೆದವನು ನಾನೇ ಆದೇನೆಂದು ಮಾತ್ರ ಎಣಿಸಿರಲಿಲ್ಲ.

ಇರಲಿ. ಸಿಂಕ್ಲೇರ್ ಅವರ ಸಂಘ 1996ರಿಂದ ನಡೆಸಿದ ಶಿಬಿರಗಳಲ್ಲಿ ಬಂದವರು ಬಣ್ಣದ ಚೀಟಿ ಧರಿಸುವ ಪದ್ಧತಿಯೊಂದು ಹುಟ್ಟಿತು. ಕೆಂಪು ಎಂದರೆ ಮಾತಾಡಿಸಬೇಡಿ. ಹಳದಿ ಎಂದರೆ ಪರಿಚಿತರು ಮಾತ್ರ ಮಾತಾಡಿಸಿ. ಹಸಿರು ಎಂದರೆ ಮಾತಿಗೆ ಆಸೆಯಿದೆ, ಆರಂಭಿಸಲು ತಿಳಿಯದು, ನೀವೇ ಮಾತಾಡಿಸಿ. ಮುಖ ನೋಡಿ ಊಹಿಸುವ ಗೋಜೇ ಇಲ್ಲ. ಇದನ್ನು ನಮ್ಮ ಕೂಟದಲ್ಲಿ ಹೇಳಿದಾಗ ಯಜಮಾನರು, “ಇದೊಳ್ಳೆ ಟ್ರಾಫಿಕ್ ಪೊಲೀಸ್ ಆಯಿತಲ್ಲ” ಎಂದರೂ ಮುಂದಿನ ತಿಂಗಳು ಬಣ್ಣದ ಕಾಗದ ತಂದವರು ಅವರೇ. ‘ಸೌಮ್ಯವಾಗಿ ಮಾತಾಡಿ’ ಎಂಬ ಹಳೆಯ ಸೂಚನೆಯನ್ನು ತರುಣ ಹೊಡೆದುಹಾಕಿಸಿದ. ಸೌಮ್ಯವೆಂದರೆ ಎಷ್ಟು ಎಂದು ಅವನ ಆಕ್ಷೇಪ. ಅದರ ಬದಲು ಬರೆದದ್ದು: ಒಬ್ಬರು ಮುಗಿಸಿದ ಮೇಲೆ ಐದು ಎಣಿಸಿ ಮಾತು ತೆಗೆಯಬೇಕು. ಮಾತನ್ನು ತಪ್ಪೆನ್ನಬಹುದು, ಆಡಿದವರನ್ನು ಏನೂ ಅನ್ನಕೂಡದು. ಯಾರಾದರೂ ಅತ್ತರೆ ಹತ್ತು ನಿಮಿಷ ಸಭೆ ನಿಲ್ಲಬೇಕು.

ಮೂರನೆಯ ತಿಂಗಳು, ಮುಖ್ಯೋಪಾಧ್ಯಾಯರು ಮನೆಗೇ ಹೋಗಿ ಕರೆದ ಮೇಲೆ, ಆ ತಾಯಿ ಬಂದಳು. ತರುಣ ಜೇಬಿನಿಂದ ಕಾಗದ ತೆಗೆದು ಓದಿದ: “ಅಳುವುದು ಉತ್ತರವಲ್ಲ ಎಂದಿದ್ದೆ. ಅದು ನಿಮಗೆ ನೋವಾಯಿತೆಂದು ಮೇಷ್ಟ್ರು ತಿಳಿಸಿದರು. ಆ ಮಾತಿಗೆ ಕ್ಷಮೆ ಕೇಳುತ್ತೇನೆ. ಲಸಿಕೆಯ ಮಾತಿಗೆ ಕೇಳುವುದಿಲ್ಲ.” ಯಜಮಾನರು ಕೆಮ್ಮಿದರು. ತರುಣ ಮುಂದುವರಿಸಿದ: “ಮಗ ತಲೆ ಚಚ್ಚಿಕೊಳ್ಳುವುದು ಎಷ್ಟು ಹೊತ್ತಿಗೆ?”

“ಹತ್ತರ ಮೇಲೆ. ನೀರು ಬಿಟ್ಟಾಗ ನಾವು ಮೋಟಾರ್ ಹಾಕ್ತೀವಲ್ಲ, ಆ ಹೊತ್ತಿಗೆ.”

“ಯಾವ ಗೋಡೆಗೆ?”

ಅವಳು ಬಾಯಿ ತೆರೆದವಳು ಹಾಗೆಯೇ ನಿಂತಳು. “ಮೋಟಾರ್ ಇರೋ ಗೋಡೆಗೇ ಕನಪ್ಪ” ಎಂದಳು.

ಈಗ ಮೋಟಾರನ್ನು ಹಿತ್ತಿಲಿನಾಚೆಗೆ ಸಾಗಿಸಿದ್ದಾರೆ. ಹುಡುಗನ ಕೆಲವು ರಾತ್ರಿಗಳು ಸುಮ್ಮನೆ ಕಳೆಯುತ್ತವೆ, ಕೆಲವು ಇಲ್ಲ. ಅದು ರೋಗ ಹೌದೋ ಅಲ್ಲವೋ ಎಂಬ ವಾದ ಆ ಇಬ್ಬರ ನಡುವೆ ತಿಂಗಳಿಗೊಮ್ಮೆ ತಪ್ಪದೆ ನಡೆಯುತ್ತಿದೆ. ಫಲಕದ ಮೇಲೆ ಬರೆಯಬೇಕಾದ ಪದ ಇನ್ನೂ ತೀರ್ಮಾನವಾಗಿಲ್ಲ.