ಧಾರಾವಾಹಿ ಮರಳಿತು, ಬರೆದವರು ಮರಳಲಿಲ್ಲ

ಬೆಂಗಳೂರು: ದೂರದರ್ಶನದ ಹಳೆಯ ಧಾರಾವಾಹಿಗಳಿಗೆ ಈಗ ಎರಡನೆಯ ಆಯುಷ್ಯ ದೊರೆತಿದೆ. 2020ರ ಲಾಕ್‌ಡೌನ್ ವೇಳೆ ‘ಬುನಿಯಾದ್’, ‘ಸರ್ಕಸ್’ ಮರುಪ್ರಸಾರಗೊಂಡವು. 2024ರ ನವೆಂಬರ್‌ನಲ್ಲಿ ಪ್ರಸಾರ ಭಾರತಿಯು ‘ವೇವ್ಸ್’ ಎಂಬ ಒಟಿಟಿ ವೇದಿಕೆಯನ್ನು ಆರಂಭಿಸಿತು. 1989ರ ‘ಫೌಜಿ’ಯ ಜನಪ್ರಿಯತೆಯನ್ನು ನೆಚ್ಚಿಕೊಂಡು ‘ಫೌಜಿ 2’ ಪ್ರಸಾರವಾದದ್ದೂ ಅದೇ ತಿಂಗಳಲ್ಲಿ. ‘ಸರ್ಕಸ್’, ‘ಫೌಜಿ’ ಎಂದೊಡನೆ ಕೇಳಿಬರುವುದು ಶಾರುಖ್ ಖಾನ್ ಹೆಸರು. ಬರೆದವರಾರು ಎಂಬ ಪ್ರಶ್ನೆ ಏಳುವುದೇ ಇಲ್ಲ.

ಆದರೆ ಆ ತಾರೆಯರು ಅಂದು ತಾರೆಯರಾಗಿರಲಿಲ್ಲ. ಪ್ರೇಕ್ಷಕರನ್ನು ಹಿಡಿದಿಟ್ಟಿದ್ದು ಕಥೆ, ಪಾತ್ರ, ಸಂಭಾಷಣೆ.

ಇದಕ್ಕೆ ‘ಹಮ್ ಲೋಗ್’ ಉತ್ತಮ ನಿದರ್ಶನ. 1984ರ ಜುಲೈ 7ರಂದು ಆರಂಭವಾದ ಈ ಧಾರಾವಾಹಿಯಲ್ಲಿ ದೇಶಕ್ಕೆಲ್ಲ ಪರಿಚಿತರಾಗಿದ್ದವರು ಕಂತಿನ ಕೊನೆಗೆ ಮಾತನಾಡುತ್ತಿದ್ದ ಅಶೋಕ್ ಕುಮಾರ್. ಕುಟುಂಬ ಯೋಜನೆಯ ಸಂದೇಶ ಸಾರಲು ಹೊರಟ ಕಥೆ ಮೊದಲ 13 ಕಂತುಗಳಲ್ಲಿ ಅಷ್ಟಾಗಿ ಜನರನ್ನು ಸೆಳೆಯಲಿಲ್ಲ. ಬಳಿಕ ಲೇಖಕ ಮನೋಹರ ಶ್ಯಾಮ ಜೋಶಿ ಉಪದೇಶವನ್ನು ತಗ್ಗಿಸಿ, ಮಧ್ಯಮ ವರ್ಗದ ಸಂಸಾರದ ಸುಖದುಃಖಗಳನ್ನು ಮುನ್ನೆಲೆಗೆ ತಂದರು. ಪ್ರೇಕ್ಷಕರಿಂದ ಲಕ್ಷಾಂತರ ಪತ್ರಗಳು ಬಂದವು. ಬಡ್ಕಿಯ ಪಾತ್ರ ವಹಿಸಿದ್ದ ಸೀಮಾ ಭಾರ್ಗವ ಅವರೇ ಮುಂದೆ ಸೀಮಾ ಪಾಹ್ವಾ ಆಗಿ 2017ರ ‘ಬರೇಲಿ ಕಿ ಬರ್ಫಿ’ಯಂತಹ ಚಿತ್ರಗಳಿಂದ ಹೊಸ ಪೀಳಿಗೆಗೂ ಪರಿಚಿತರಾದರು. ಜೋಶಿ 2006ರಲ್ಲಿ ನಿಧನರಾದರು. ‘ಬುನಿಯಾದ್’ ಬರೆದವರೂ ಅವರೇ ಎಂಬುದು ಎಷ್ಟು ಮಂದಿಗೆ ನೆನಪಿದೆ?

ಕನ್ನಡಿಗರ ಅನುಭವವೂ ಭಿನ್ನವಲ್ಲ. ಶಂಕರ್‌ನಾಗ್ ಆಗುಂಬೆಯಲ್ಲಿ ಚಿತ್ರೀಕರಿಸಿದ ‘ಮಾಲ್ಗುಡಿ ಡೇಸ್’ ಜತೆಗೆ ಆರ್.ಕೆ. ನಾರಾಯಣ್ ಹೆಸರು ಉಳಿದಿದೆ, ನಿಜ. ಅವರ ಬೆನ್ನಿಗೆ ಪುಸ್ತಕಗಳಿದ್ದವು. ಕಿರುತೆರೆಗೆಂದೇ ದುಡಿದವರಿಗೆ ಆ ಆಸರೆಯಿಲ್ಲ. ಸದಾನಂದ ಸುವರ್ಣ ನಿರ್ದೇಶಿಸಿದ ‘ಗುಡ್ಡದ ಭೂತ’ವನ್ನು ಇಂದು ಹಲವರು ನೆನೆಯುವುದು ಪ್ರಕಾಶ್ ರೈ ಅವರ ಆರಂಭದ ದಿನಗಳ ನಟನೆಗಾಗಿ. ಸುವರ್ಣರು 2024ರ ಜುಲೈಯಲ್ಲಿ ತೀರಿಕೊಂಡಾಗ, ಆ ಧಾರಾವಾಹಿಯ ಹಿಂದಿದ್ದವರು ಇವರೇ ಎಂದು ನೆನಪಿಸಬೇಕಾಯಿತು.

ಇದು ಕೇವಲ ನೆನಪಿನ ಪ್ರಶ್ನೆಯಲ್ಲ, ಹಕ್ಕಿನ ಪ್ರಶ್ನೆ. ಚಲನಚಿತ್ರದಲ್ಲಿ ಬಳಕೆಯಾದ ಸಾಹಿತ್ಯ ಕೃತಿಯ ಕರ್ತೃ, ಚಿತ್ರಮಂದಿರದಾಚೆಗಿನ ಬಳಕೆಗೆ ರಾಯಧನದಲ್ಲಿ ಸಮಪಾಲು ಪಡೆಯುವ ಹಕ್ಕನ್ನು ಬಿಟ್ಟುಕೊಡುವಂತಿಲ್ಲ ಎನ್ನುತ್ತದೆ ಕೃತಿಸ್ವಾಮ್ಯ ಕಾಯ್ದೆಯ 2012ರ ತಿದ್ದುಪಡಿ. ಆದರೆ 1980ರ ದಶಕದ ಒಪ್ಪಂದಗಳು ಅದಕ್ಕಿಂತ ಬಹಳ ಹಿಂದಿನವು. ಮರುಪ್ರಸಾರ, ಒಟಿಟಿಗಳನ್ನು ಆಗ ಯಾರೂ ಊಹಿಸಿರಲಿಲ್ಲ. ಹೀಗಾಗಿ ಹಳಬರಿಗೆ ಕಾನೂನಿನ ನೆರವು ಸುಲಭದ ಮಾತಲ್ಲ.

ಸಾರ್ವಜನಿಕ ಸಂಸ್ಥೆಯಾದ ಪ್ರಸಾರ ಭಾರತಿ ಇಲ್ಲಿ ಮೇಲ್ಪಂಕ್ತಿ ಹಾಕಬಹುದು. ಹಳೆಯ ಕೃತಿಗಳಿಂದ ಬರುವ ಆದಾಯದಲ್ಲಿ ಲೇಖಕರಿಗೆ, ಅವರ ಕುಟುಂಬಕ್ಕೆ ಪಾಲು ನೀಡುವ ನೀತಿ ರೂಪಿಸಲು ಕಾಲ ಹಿಡಿದೀತು. ಪ್ರಚಾರದಲ್ಲಿ ನಟರ ಹೆಸರಿನಷ್ಟೇ ದೊಡ್ಡ ಅಕ್ಷರಗಳಲ್ಲಿ ಲೇಖಕರ ಹೆಸರನ್ನೂ ಹಾಕಲು ಮಾತ್ರ ಯಾವ ಕಾಯ್ದೆಯೂ ಬೇಕಿಲ್ಲ.